ಎರಡು ಬಾಗಿಲು, ಸಮ ಹಾಜರಿ

ನಾನು ಒಂದು ಹಳೆಯ ಕಂಪ್ಯೂಟರ್. ಇದಕ್ಕಿಂತ ಹೆಚ್ಚು ಪರಿಚಯ ಹೇಳಿಕೊಳ್ಳಲು ನನಗೆ ಮನಸ್ಸಿಲ್ಲ. ನೀವು ಯಾರೋ, ನನ್ನ ಕಥೆ ನಿಮಗೆ ಯಾಕೆ ಬೇಕೋ, ಕೇಳಿ ಯಾರ ಕಿವಿಗೆ ಹಾಕುತ್ತೀರೋ ನನಗೆ ಗೊತ್ತಿಲ್ಲ. ಊರಿನ ಹೆಸರನ್ನಂತೂ ಹೇಳುವುದಿಲ್ಲ. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಎರಡು ತಾಸು ಎಂದಿಟ್ಟುಕೊಳ್ಳಿ, ಯಾವ ದಿಕ್ಕಿಗೆ ಎಂದು ಕೇಳಬೇಡಿ. ಆದರೂ ಬಾಯಿ ಬಿಡುತ್ತಿದ್ದೇನೆ, ಏಕೆಂದರೆ ಒಬ್ಬ ಹೆಣ್ಣುಮಗಳ ಮೇಲೆ ಬಂದ ಅಪವಾದದ ನಿಜ ನನ್ನ ಹೊಟ್ಟೆಯಲ್ಲಿದೆ. ಅದನ್ನು ಇಟ್ಟುಕೊಂಡು ಗುಜರಿಗೆ ಹೋಗಲು ನನಗೆ ಇಷ್ಟವಿಲ್ಲ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಅಂಗಡಿಯ ಅಟ್ಟದ ಮೇಲೆ. ದೊಡ್ಡ ಕಂಪನಿಯ ಕೂಸಲ್ಲ ನಾನು. ಒಂದು ಕಡೆಯಿಂದ ಡಬ್ಬಿ, ಇನ್ನೊಂದು ಕಡೆಯಿಂದ ಫ್ಯಾನು, ಮತ್ತೆಲ್ಲಿಂದಲೋ ಮದರ್‌ಬೋರ್ಡು ತಂದು ಸ್ಕ್ರೂ ಹಾಕಿ ಜೋಡಿಸಿದರು. ನನ್ನೊಳಗಿನ ಡಿಸ್ಕು ಆಗಲೇ ಯಾರದೋ ಮನೆಯಲ್ಲಿ ಎರಡು ವರ್ಷ ದುಡಿದು ಬಂದದ್ದು. ಅಂಗಡಿಯವ ಅದನ್ನು ಬಟ್ಟೆಯಿಂದ ಒರೆಸಿ, ಮೇಲೆ ಹೊಸ ಚೀಟಿ ಅಂಟಿಸಿ, ಕೆಳಗೆ ನಿಂತಿದ್ದ ಗಿರಾಕಿಗೆ "ಎಲ್ಲಾ ಕೋರಾ ಮಾಲ್ ಐತ್ರಿ" ಎಂದ. ಕಣ್ಣು ಬಿಟ್ಟ ದಿನ ನಾನು ಕಂಡ ಮೊದಲ ಮನುಷ್ಯನೇ ಸುಳ್ಳು ಹೇಳುತ್ತಿದ್ದ. ಮುಂದೆ ನನ್ನ ಸ್ವಭಾವ ಹೀಗಾಯಿತೆಂದರೆ ಅದರಲ್ಲಿ ನನ್ನ ತಪ್ಪೇನಿದೆ?

ಆ ಗಿರಾಕಿ ವಕೀಲ ರಂಗಾಚಾರ್ ಕಟ್ಟಿಯವರು. ಅವರ ಕಚೇರಿಯಲ್ಲಿ ನಾನು ಒಂಬತ್ತು ವರ್ಷ ಇದ್ದೆ. ಖರೀದಿಪತ್ರ, ಮೃತ್ಯುಪತ್ರ, ಅಣ್ಣತಮ್ಮಂದಿರ ಪಾಲುಪತ್ರ, ಇವೇ ನನ್ನ ಬಾಲ್ಯದ ಓದು. ಕಟ್ಟಿಯವರು ಟೈಪು ಮಾಡುವಾಗ ಪರದೆಯ ಮೇಲೆ ಅಂಗವಸ್ತ್ರ ಹೊದಿಸಿ, ತಲೆಯನ್ನು ಅದರೊಳಗೆ ತೂರಿಸಿಕೊಂಡು ಕೂರುತ್ತಿದ್ದರು. ಪ್ರತಿ ಅಮಾವಾಸ್ಯೆಗೆ ಪಾಸ್‌ವರ್ಡು ಬದಲಾಯಿಸಿ, ಹೊಸದನ್ನು ಪಂಚಾಂಗದ ಹಿಂಬದಿಯಲ್ಲಿ, ಈಗ ಯಾರಿಗೂ ಓದಲು ಬಾರದ ಹಳೆಯ ಮೋಡಿ ಅಕ್ಷರದಲ್ಲಿ ಬರೆದಿಡುತ್ತಿದ್ದರು. ಸಂಜೆ ಕಚೇರಿಗೆ ಬೀಗ ಹಾಕಿದ ಮೇಲೆ ಅದನ್ನು ಎರಡು ಸಲ ಜಗ್ಗಿ ನೋಡುವರು. ನಾಲ್ಕು ಹೆಜ್ಜೆ ಹೋಗಿ, ಮತ್ತೆ ತಿರುಗಿ ಬಂದು ಇನ್ನೊಮ್ಮೆ ಜಗ್ಗುವರು. ಆ ಮೂರು ಸದ್ದು ಕೇಳದೆ ನನಗೆ ದಿನ ಮುಗಿದಂತೆ ಅನಿಸುತ್ತಿರಲಿಲ್ಲ.

ಕಡೆಗೆ ನಾನು ನಿಧಾನವಾದೆ. ಕಟ್ಟಿಯವರು ಹೊಸದನ್ನು ತಂದರು, ನನ್ನನ್ನು ಊರಿನ ಪದವಿ ಕಾಲೇಜಿಗೆ ದಾನ ಕೊಟ್ಟರು. ಕೊಡುವಾಗ ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ನನ್ನ ಮೇಲೆ ಒಂದು ಹೂಮಾಲೆ ಇತ್ತು. ಆಯುಷ್ಯ ಮುಗಿಯಿತು ಎಂದೇ ತಿಳಿದುಕೊಂಡೆ.

ಕಾಲೇಜಿನಲ್ಲಿ ನನ್ನನ್ನು ಎತ್ತಿಕೊಂಡವರು ದಾವಲಸಾಬ್ ನದಾಫ್. ಕಂಪ್ಯೂಟರ್ ಪಾಠ ಹೇಳುವ ಮೇಷ್ಟ್ರು, ಮೆತ್ತಗಿನ ಮನುಷ್ಯ, ಯಾರಿಗೂ ಇಲ್ಲ ಎನ್ನಲು ಬಾರದವರು. ಅವರು ನನ್ನ ಹೊಟ್ಟೆ ಬಿಚ್ಚಿ ಧೂಳು ಊದಿದರು, ಕಟ್ಟಿಯವರ ಪಾಲುಪತ್ರಗಳನ್ನೆಲ್ಲ ಅಳಿಸಿದರು, ಲಿನಕ್ಸ್ ಎಂಬ ಹೊಸ ವಿದ್ಯೆ ತುಂಬಿದರು. ಮೂರು ನೆಟ್‌ವರ್ಕ್ ಕಾರ್ಡು ಸಿಕ್ಕಿಸಿದರು. ಪರದೆ, ಕೀಬೋರ್ಡು ಎರಡನ್ನೂ ಕಿತ್ತುಕೊಂಡರು. ನಾನು ಇನ್ನು ಮೇಲೆ ಬರೆಯುವ ಯಂತ್ರವಲ್ಲ, ಬಾಗಿಲು ಕಾಯುವವನು ಎಂದು ಹೇಳಿ ಪರೀಕ್ಷಾ ವಿಭಾಗದ ಕೋಣೆಯಲ್ಲಿ, ಗುಮಾಸ್ತೆಯ ಮೇಜಿನ ಕೆಳಗೆ ಇಟ್ಟರು. ಅಂದಿನಿಂದ ಮನುಷ್ಯರನ್ನು ನಾನು ಅವರ ಪಾದಗಳಿಂದ ಗುರುತಿಸುತ್ತೇನೆ.

ಕೆಲಸ ಏನೆಂದು ಸರಳವಾಗಿ ಹೇಳಿಬಿಡುತ್ತೇನೆ. ಕಾಲೇಜಿಗೆ ಎರಡು ಇಂಟರ್ನೆಟ್ ಸಂಪರ್ಕಗಳಿದ್ದವು. ಒಂದು ನೆಲದಡಿಯ ತಂತಿಯಲ್ಲಿ ಬರುತ್ತಿತ್ತು, ಅದು ನನ್ನ ಮುಂಬಾಗಿಲು. ಇನ್ನೊಂದು ನೀರಿನ ಟಾಕಿಯ ಮೇಲೆ ಕೂರಿಸಿದ ಬುಟ್ಟಿಯಂಥ ಆಂಟೆನಾದಿಂದ ಗಾಳಿಯಲ್ಲಿ ಬರುತ್ತಿತ್ತು, ಅದು ಹಿತ್ತಿಲ ಬಾಗಿಲು. ಒಳಗಿನ ಕಂಪ್ಯೂಟರುಗಳು ಹೊರಗಿನಿಂದ ಏನೇ ಬೇಕೆಂದರೂ ನನಗೆ ಚೀಟಿ ಕೊಡಬೇಕು. ನಾನು ಅದನ್ನು ಎರಡರಲ್ಲಿ ಒಂದು ಬಾಗಿಲಿನಿಂದ ಕಳಿಸಿ, ಉತ್ತರ ತರಿಸಿ ಕೊಡಬೇಕು. ಮುಂಬಾಗಿಲಿನಿಂದ ಹೋದ ಚೀಟಿಗೆ ಹುಬ್ಬಳ್ಳಿಯ ಮೊಹರು ಬೀಳುತ್ತದೆ. ಹಿತ್ತಿಲ ಬಾಗಿಲಿನ ಕಂಪನಿಯ ಠಾಣೆ ಪುಣೆಯಲ್ಲಿದ್ದುದರಿಂದ ಅಲ್ಲಿಂದ ಹೋದದ್ದಕ್ಕೆ ಪುಣೆಯ ಮೊಹರು. ಹೊರಗಿನವರಿಗೆ ಕಾಣುವುದು ಆ ಮೊಹರು ಮಾತ್ರ. ಚೀಟಿಯ ಒಳಗೆ ಏನು ಬರೆದಿದೆ ಎಂದು ನನಗೂ ಕಾಣುವುದಿಲ್ಲ, ಯಾರದು, ಎಲ್ಲಿಗೆ ಎಂಬುದಷ್ಟೇ ಗೊತ್ತಾಗುತ್ತದೆ.

ಹೊರಗಿನಿಂದ ದಿನಕ್ಕೆ ಸಾವಿರಾರು ಜನ ನನ್ನ ಬಾಗಿಲು ಬಡಿಯುತ್ತಿದ್ದರು. ಎಲ್ಲಿಯವರೋ, ಯಾವ ದೇಶದವರೋ. ಕರೆಯದೆ ಬಂದ ಯಾರನ್ನೂ ಒಳಗೆ ಬಿಡಬೇಡ ಎಂದು ನದಾಫ್ ಸರ್ ಬರೆದಿಟ್ಟಿದ್ದರು. ಅನುಮಾನಪಡುವುದಕ್ಕೇ ನನ್ನನ್ನು ನೇಮಿಸಿದ್ದರು! ಕಟ್ಟಿಯವರ ಗರಡಿಯಲ್ಲಿ ಪಳಗಿದ ನನಗೆ ಇದಕ್ಕಿಂತ ಒಪ್ಪುವ ನೌಕರಿ ಬೇರೆ ಯಾವುದಿತ್ತು? ಹೊರಗಿನವರನ್ನು ಮಾತ್ರವಲ್ಲ, ಒಳಗಿನವರನ್ನೂ ನಾನು ಒಂದು ಕಣ್ಣಿಟ್ಟು ನೋಡುತ್ತಿದ್ದೆ.

ಎಲ್ಲರಿಗಿಂತ ಹೆಚ್ಚು ಕಣ್ಣಿಟ್ಟದ್ದು ನನ್ನ ಮೇಲಿನ ಮೇಜಿಗೆ ಕೂರುತ್ತಿದ್ದ ಗುಮಾಸ್ತೆ ಕಸ್ತೂರಿ ಬಾರಕೇರಳ ಮೇಲೆ. ಆಕೆ ಇದೇ ಕಾಲೇಜಿನಲ್ಲಿ ಓದಿದವಳು. ಅವಳ ಓಣಿಯಿಂದ ಪದವಿ ಮುಗಿಸಿದ ಮೊದಲ ಹೆಣ್ಣುಮಗಳಂತೆ. ಆರು ವರ್ಷದಿಂದ ಹಂಗಾಮಿ, ಕಾಯಂ ಆಗುವ ಕಡತ ಮೇಲೆ ಹೋಗಿತ್ತು. ಕಾಲಲ್ಲಿ ಹವಾಯಿ ಚಪ್ಪಲಿ, ಎಡಗಾಲಿನದರ ಪಟ್ಟಿ ಹೊಲಿಸಿದ್ದು.

ಅವಳನ್ನು ಯಾಕೆ ಅನುಮಾನಿಸಿದೆ ಎಂದರೆ, ಅಷ್ಟು ನಿರಾಳವಾಗಿರುವ ಮನುಷ್ಯರನ್ನು ನಾನು ಕಂಡೇ ಇರಲಿಲ್ಲ. ಮೇಜಿನ ಡ್ರಾಯರಿಗೆ ಬೀಗವಿಲ್ಲ. ಊಟದ ಡಬ್ಬಿ, ಪರ್ಸು, ಮೊಬೈಲು ಎಲ್ಲ ಬಿಟ್ಟು "ಸ್ವಲ್ಪ ನೋಡ್ಕೊಳ್ರಿ" ಎಂದು ಎದುರಿಗೆ ಸಿಕ್ಕವರಿಗೆ ಹೇಳಿ ಹೊರಟುಬಿಡುವಳು. ಟೈಪು ಮಾಡುವಾಗ ಪ್ರತಿಯೊಂದನ್ನೂ ಬಾಯಲ್ಲಿ ಹೇಳುತ್ತಾ ಮಾಡುವಳು. "ಬಸಮ್ಮ ತಂದಿ ನಿಂಗಪ್ಪ, ಇಂಗ್ಲಿಷ್ ನಲವತ್ತೆರಡು, ಅಯ್ಯ ಪಾಸಾತಲ್ಲ ಹುಡುಗಿ" ಎಂದು ತನಗೆ ತಾನೇ ಸಂತೋಷಪಡುವಳು. ಇಷ್ಟು ಒಳ್ಳೆಯತನ ಇರಲು ಸಾಧ್ಯವಿಲ್ಲ, ಏನೋ ಮುಚ್ಚಿಡುತ್ತಿದ್ದಾಳೆ ಎಂದು ನಾನು ಗಟ್ಟಿ ಮಾಡಿಕೊಂಡೆ. ಶನಿವಾರ ಮಧ್ಯಾಹ್ನ ಕೆಲಸ ಮುಗಿದ ಮೇಲೆ ಅವಳ ಮೊಬೈಲಿನಿಂದ ಪುಣೆಗೆ ವಿಡಿಯೋ ಕರೆ ಹೋಗುತ್ತಿತ್ತು. ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದರು. ಅಕ್ಕನೇ ಎಂದು ಏನು ಖಾತ್ರಿ? ನಾನು ಅದನ್ನೂ ಗುರುತು ಹಾಕಿಕೊಂಡೆ.

ಮೊದಲ ಎರಡು ವರ್ಷ ನನ್ನ ಕೆಲಸ ಸುಗಮವಾಗಿತ್ತು. ಎಲ್ಲ ಚೀಟಿಗಳೂ ಮುಂಬಾಗಿಲಿನಿಂದ ಹೋಗಬೇಕು, ಅದು ಕೆಟ್ಟರೆ ಮಾತ್ರ ಹಿತ್ತಿಲ ಬಾಗಿಲು ತೆರೆಯಬೇಕು ಎಂಬುದು ನದಾಫ್ ಸರ್ ಹಾಕಿದ ನಿಯಮ. ಆಮೇಲೆ ವಿಶ್ವವಿದ್ಯಾಲಯದಿಂದ ಸುತ್ತೋಲೆ ಬಂತು. ಇನ್ನು ಮುಂದೆ ಪ್ರಶ್ನೆಪತ್ರಿಕೆಗಳು ಸೀಲು ಮಾಡಿದ ಲಕೋಟೆಯಲ್ಲಿ ಬರುವುದಿಲ್ಲ. ಪರೀಕ್ಷೆಗೆ ಒಂದು ತಾಸು ಮೊದಲು ಇಂಟರ್ನೆಟ್ಟಿನಲ್ಲಿ ಬರುತ್ತವೆ, ಆಯಾ ಕಾಲೇಜಿನಲ್ಲಿಯೇ ಅಚ್ಚು ಹಾಕಿಕೊಳ್ಳಬೇಕು, ಅದಕ್ಕಾಗಿ ಪ್ರತಿ ಕೇಂದ್ರದಲ್ಲಿ ಎರಡು ಸಂಪರ್ಕ ಇರಲೇಬೇಕು ಎಂದು. ತಪಾಸಣೆಗೆ ಬಂದವರು ನಮ್ಮ ಎರಡನೆಯ ಸಂಪರ್ಕದ ತಿಂಗಳ ಬಳಕೆ ಕೇಳಿದರು. ಮುಂಬಾಗಿಲು ಆ ತಿಂಗಳು ಒಂದು ದಿನವೂ ಕೆಟ್ಟಿರಲಿಲ್ಲ, ಆದ್ದರಿಂದ ಹಿತ್ತಿಲ ಬಾಗಿಲಿನ ಬಳಕೆ ಸೊನ್ನೆ. "ಎರಡನೆಯ ಸಂಪರ್ಕ ಹೆಸರಿಗೆ ಮಾತ್ರ ಇದೆ" ಎಂದು ಷರಾ ಬರೆದು ಹೋದರು.

ಪ್ರಿನ್ಸಿಪಾಲರಾದ ಅಂದಾನಯ್ಯ ಹಿರೇಮಠರಿಗೆ ಅದು ದೊಡ್ಡ ಅವಮಾನವಾಯಿತು. ನುಣ್ಣಗೆ ಪಾಲಿಶ್ ಮಾಡಿದ ಕಪ್ಪು ಬೂಟು ಅವರದು, ಹೆದರಿದಾಗ ಬಲಗಾಲಿನ ಹಿಮ್ಮಡಿ ಕುಣಿಯುತ್ತಿತ್ತು. ಕಾಲೇಜಿನಲ್ಲಿ ಎಲ್ಲದಕ್ಕೂ ಹಾಜರಿ ಪುಸ್ತಕ ಇಡಿಸುವವರು. ಗಿಡಕ್ಕೆ ನೀರು ಹಾಕಿದ್ದಕ್ಕೂ ಒಂದು ಪುಸ್ತಕವಿತ್ತು. ಈಗ ಎರಡು ಸಂಪರ್ಕಗಳಿಗೂ ಒಂದು ಹಾಜರಿ ಪುಸ್ತಕ ಬಂತು.

"ನದಾಫ್ ಸರ್, ಎರಡೂ ದಿನಾ ಓಡಬೇಕು. ಅದೂ ಸಮಾ ಓಡಬೇಕು. ಪುಸ್ತಕದಾಗ ಎರಡರ ಲೆಕ್ಕಾನೂ ಒಂದ ಇರಬೇಕು ನೋಡ್ರಿ."

"ಸರ್, ಒಬ್ಬೊಬ್ಬರನ್ನ ಒಂದೊಂದು ಬಾಗಿಲಿಗೆ ಹಚ್ಚೋ ಸಾಲು ಒಂದು ಬರೀತೀನ್ರಿ. ಅರ್ಧಾ ಮಂದಿ ಇದರಾಗ, ಅರ್ಧಾ ಮಂದಿ ಅದರಾಗ ಹೋಗ್ತಾರ."

ಹಾಗೆಯೇ ಮಾಡಿದರು. ಒಂದು ವಾರ ಪುಸ್ತಕದಲ್ಲಿ ಅರವತ್ತು ನಲವತ್ತು, ಐವತ್ತೈದು ನಲವತ್ತೈದು ಎಂದು ಬಂತು. ಕೆಲವರು ಹೆಚ್ಚು ಬಳಸುತ್ತಾರೆ, ಕೆಲವರು ಕಡಿಮೆ. ಹಿರೇಮಠರಿಗೆ ಸಮಾಧಾನವಾಗಲಿಲ್ಲ. ಸಮ ಅಂದರೆ ಸಮ ಇರಬೇಕು ಎಂದರು. ನದಾಫ್ ಸರ್ ಇಲ್ಲ ಎನ್ನಲಿಲ್ಲ. ಒಂದು ನಿಟ್ಟುಸಿರು ಬಿಟ್ಟು ಆ ಸಾಲನ್ನು ಅಳಿಸಿದರು. ಈಗ ನನ್ನ ನಿಯಮ ಇಷ್ಟೇ: ಚೀಟಿ ಯಾರದೇ ಇರಲಿ, ಒಂದು ಮುಂಬಾಗಿಲಿಗೆ, ಮುಂದಿನದು ಹಿತ್ತಿಲ ಬಾಗಿಲಿಗೆ. ಪುಸ್ತಕದಲ್ಲಿ ಐವತ್ತು ಐವತ್ತು ಬಂತು. ದಿನಾ ಸಂಜೆ ಕಸ್ತೂರಿ ಎರಡರ ಅಂಕಿ ಬರೆದು ಕೆಳಗೆ "ಸಮ" ಎಂದು ಬರೆಯುವಳು, ಹಿರೇಮಠರು ಸಹಿ ಹಾಕುವರು. ನನಗೂ ಹೆಮ್ಮೆಯೇ ಆಗಿತ್ತು. ಇಷ್ಟು ನಿಷ್ಪಕ್ಷಪಾತವಾಗಿ ಕೆಲಸ ಮಾಡುವವರು ಆ ಕಾಲೇಜಿನಲ್ಲಿ ಇನ್ನೊಬ್ಬರಿರಲಿಲ್ಲ.

ಅಲ್ಲಲ್ಲಿ ಒಂದು ಗೊಣಗಾಟ ಕೇಳಿಸುತ್ತಿತ್ತು ನಿಜ. ವಿದ್ಯಾರ್ಥಿವೇತನದ ಅರ್ಜಿ ಅರ್ಧ ತುಂಬಿದಾಗ ಆ ಜಾಲತಾಣ ಹೊರದಬ್ಬಿ "ಮತ್ತೆ ಲಾಗಿನ್ ಆಗಿ" ಎನ್ನುತ್ತಿತ್ತು. "ಯಾಕೋ ಇದಕ್ಕ ನನ್ನ ಮ್ಯಾಲೆ ನಂಬಿಕಿನ ಇಲ್ಲ" ಎಂದು ಕಸ್ತೂರಿ ನಗುತ್ತಾ ಮೊದಲಿನಿಂದ ತುಂಬುವಳು. ತಪ್ಪು ಆ ಜಾಲತಾಣದ್ದು ಎಂದು ನಾನು ತಿಳಿದಿದ್ದೆ. ಇಲ್ಲವೇ ಕಸ್ತೂರಿಯದು. ನನ್ನ ಕಡೆ ನಾನು ತಿರುಗಿಯೂ ನೋಡಲಿಲ್ಲ.

ಆ ವರ್ಷದ ಪದವಿ ಪರೀಕ್ಷೆಯ ಮೊದಲ ದಿನ ಬಂತು. ಹತ್ತು ಗಂಟೆಗೆ ಪರೀಕ್ಷೆ, ಒಂಬತ್ತಕ್ಕೆ ಪ್ರಶ್ನೆಪತ್ರಿಕೆ. ಕೋಣೆಯ ಬಾಗಿಲು ಹಾಕಿ ಒಳಗೆ ಇಬ್ಬರೇ ಕುಳಿತರು. ಹಿರೇಮಠರ ಮೊಬೈಲಿಗೆ ಒಂದು ಸಂಖ್ಯೆ ಬಂತು, ಅವರು ಓದಿದರು, ಕಸ್ತೂರಿ ಅದನ್ನು ಬಾಯಲ್ಲಿ ಹೇಳುತ್ತಾ ಒತ್ತಿದಳು. ಎರಡು ನಿಮಿಷದಲ್ಲಿ ಪತ್ರಿಕೆ ಬಂತು. ಅಚ್ಚಿನ ಯಂತ್ರ ಪ್ರತಿಗಳನ್ನು ಹೊರಹಾಕುತ್ತಿದ್ದಂತೆ ಹಿರೇಮಠರ ಮೊಬೈಲು ಮತ್ತೆ ರಿಂಗಾಯಿತು. ಹಲೋ ಎಂದರು. ಬಲಗಾಲಿನ ಹಿಮ್ಮಡಿ ಕುಣಿಯಲು ಶುರುವಾಯಿತು.

ನಿಮ್ಮ ಪ್ರಶ್ನೆಪತ್ರಿಕೆ ಎರಡು ಊರಿನಲ್ಲಿ ತೆರೆದಿದೆ ಎಂದು ವಿಶ್ವವಿದ್ಯಾಲಯದವರು ಹೇಳಿದ್ದರು. ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಹುಬ್ಬಳ್ಳಿಯಿಂದ ಲಾಗಿನ್ ಆಗಿದೆ, ಮೂರೇ ಸೆಕೆಂಡಿಗೆ ಅದೇ ಪಾಸ್‌ವರ್ಡಿನಲ್ಲಿ ಪುಣೆಯಿಂದ ಪತ್ರಿಕೆ ಇಳಿದಿದೆ. ನಿಮ್ಮ ಕೇಂದ್ರದ ಪರೀಕ್ಷೆ ನಿಲ್ಲಿಸಿ, ಒಬ್ಬರೂ ಕೋಣೆ ಬಿಡಬಾರದು, ಜಾಗೃತ ದಳ ಬರುತ್ತಿದೆ ಎಂದು ಫೋನಿಟ್ಟರು. ಹೊರಗೆ ಮುನ್ನೂರು ವಿದ್ಯಾರ್ಥಿಗಳು ಹಾಲ್ ಟಿಕೆಟ್ ಹಿಡಿದು ನಿಂತಿದ್ದರು.

ಪುಣೆ ಎಂಬ ಶಬ್ದ ಕೇಳಿದ ಕೂಡಲೇ ನನಗೆ ಒಳಗೊಳಗೇ ಒಂದು ಕೆಟ್ಟ ಖುಷಿಯಾಯಿತು. ಈಗ ಹೇಳಲು ನಾಚಿಕೆಯಾಗುತ್ತದೆ. "ನಾನು ಹೇಳಿರಲಿಲ್ಲವೇ?" ಎಂದುಕೊಂಡೆ. ಶನಿವಾರದ ಕರೆಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು. ಹಿರೇಮಠರ ಬೂಟು ಕಸ್ತೂರಿಯ ಕಡೆ ತಿರುಗಿತು.

"ನಿಮ್ಮಕ್ಕ ಪುಣೆದಾಗ ಅದಾಳಲ್ಲ?"

"ಹೌದ್ರಿ ಸರ್. ಯಾಕ್ರಿ?"

ಮಾತು ತನ್ನ ಕಡೆಗೇ ಬರುತ್ತಿದೆ ಎಂದು ಅವಳಿಗೆ ಇನ್ನೂ ತಿಳಿದಿರಲಿಲ್ಲ. ತಿಳಿದ ಮೇಲೆ ಅವಳ ಎರಡೂ ಪಾದಗಳು ಕುರ್ಚಿಯ ಕೆಳಗೆ ಒಂದರ ಮೇಲೊಂದು ಸರಿದು ಮುದುಡಿಕೊಂಡವು.

ಹನ್ನೊಂದೂವರೆಗೆ ಜಾಗೃತ ದಳ ಬಂತು. ಮುಂದಾಳು ಡಾಕ್ಟರ್ ಸರೋಜಿನಿ ಪತ್ತಾರ, ಹಿಂದೆ ಇಬ್ಬರು ಗಂಡಸರು. ಪತ್ತಾರ ಮೇಡಂ ಕಾಲಲ್ಲಿ ನಡೆಯಲು ಅನುಕೂಲವಾದ ಕ್ಯಾನ್ವಾಸ್ ಶೂ, ಸೀರೆಯ ಅಂಚಿಗೆ ಬಸ್ಸಿನ ಧೂಳು. ಹೆಚ್ಚು ಮಾತಿಲ್ಲ. ಕಸ್ತೂರಿಯ ಮೊಬೈಲು ತೆಗೆದುಕೊಂಡರು, ಡ್ರಾಯರು ಎಳೆದು ನೋಡಿದರು. "ಬೀಗಾ ಹಾಕೂದಿಲ್ಲೇನು? ಪರೀಕ್ಷಾ ವಿಭಾಗದಾಗ?" ಎಂದರು. ಬೀಗ ಯಾಕೆ ಬೇಕು ಎಂದು ಕಸ್ತೂರಿ ಒಂದು ದಿನವೂ ಯೋಚಿಸಿರಲಿಲ್ಲ. ಬೀಗವಿಲ್ಲದ ಆ ಡ್ರಾಯರೂ ಅವಳ ವಿರುದ್ಧದ ಸಾಕ್ಷಿಯಾಗಿ ಕಾಗದಕ್ಕೆ ಇಳಿಯಿತು.

ನದಾಫ್ ಸರ್ ಇದ್ದಿದ್ದರೆ ಐದು ನಿಮಿಷದ ಕೆಲಸ. ಆದರೆ ಪರೀಕ್ಷೆಯ ಕಾಲದಲ್ಲಿ ಒಂದು ಕಾಲೇಜಿನ ಮೇಷ್ಟ್ರನ್ನು ಇನ್ನೊಂದು ಕಾಲೇಜಿಗೆ ಹಾಕುವ ಪದ್ಧತಿ. ಅವರು ಮೂವತ್ತು ಮೈಲು ದೂರದ ಊರಿನಲ್ಲಿ ಮೇಲ್ವಿಚಾರಕರಾಗಿದ್ದರು, ಮೊಬೈಲನ್ನು ಅಲ್ಲಿಯ ಕಚೇರಿಯಲ್ಲಿ ಒಪ್ಪಿಸಿದ್ದರು.

ಮಧ್ಯಾಹ್ನ ಹಿರೇಮಠರು ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ದನಿ ಮೆತ್ತಗೆ ಮಾಡಿದ್ದರು.

"ನೋಡವಾ ಕಸ್ತೂರಿ, ಅಜಾಗರೂಕತೆಯಿಂದ ಪಾಸ್‌ವರ್ಡ್ ಹೊರಗ ಹೋಗೇತಿ ಅಂತ ಎರಡು ಸಾಲು ಬರದು ಕೊಡು. ನಿನ್ನ ಮಟ್ಟಿಗೆ ಮುಗೀತದ. ಪೊಲೀಸ್ ಗಿಲೀಸ್ ಅಂತ ನಾ ಹೋಗಗೊಡೂದಿಲ್ಲ. ನಾಲ್ಕು ಗಂಟೆ ಒಳಗ ಬರೀಬೇಕು."

ಬರೆದರೆ ಅವಳ ನೌಕರಿ ಅಂದೇ ಮುಗಿಯುತ್ತದೆ, ಪತ್ರಿಕೆ ಮಾರಿದವಳು ಎಂಬ ಹೆಸರು ಸಾಯುವವರೆಗೂ ಉಳಿಯುತ್ತದೆ. ಬರೆಯದಿದ್ದರೆ ಪೊಲೀಸರು. ಅವಳು ಪೆನ್ನು ಹಿಡಿದು "ನಾನು ಕಸ್ತೂರಿ ತಂದೆ ಮಲ್ಲಪ್ಪ ಬಾರಕೇರ" ಎಂದು ಬಾಯಲ್ಲಿ ಹೇಳುತ್ತಾ ಬರೆದಳು. ತಂದೆಯ ಹೆಸರು ಬರೆದ ಮೇಲೆ ಪೆನ್ನು ನಿಂತಿತು. ಒಂದು ಹನಿ ನನ್ನ ಡಬ್ಬಿಯ ಮೇಲೆ ಬಿತ್ತು.

ಆ ಹೊತ್ತಿಗೆ ನನಗೂ ಖಾತ್ರಿ ಬೇಕಾಗಿತ್ತು. ಯಾರು ಯಾವ ಬಾಗಿಲಿನಿಂದ ಯಾವಾಗ ಹೋದರು ಎಂಬುದನ್ನೆಲ್ಲ ನಾನು ಎಂಟು ದಿನ ಬರೆದಿಟ್ಟುಕೊಳ್ಳುತ್ತೇನೆ. ಅವಳನ್ನು ಹಿಡಿದುಕೊಡುವ ಉಮೇದಿಯಲ್ಲಿಯೇ ಆ ಬೆಳಗಿನ ದಾಖಲೆ ತೆಗೆದೆ. ಅವಳ ಮೊಬೈಲಿನಿಂದ ಬೆಳಿಗ್ಗೆ ಒಂದು ಚೀಟಿಯೂ ಹೋಗಿರಲಿಲ್ಲ. ಅವಳ ಕಂಪ್ಯೂಟರಿನಿಂದ ಒಂಬತ್ತು ಗಂಟೆ ಎರಡು ನಿಮಿಷಕ್ಕೆ ಒಂದು ಚೀಟಿ, ಮುಂಬಾಗಿಲು. ಮೂರು ಸೆಕೆಂಡಿನ ನಂತರ ಇನ್ನೊಂದು ಚೀಟಿ, ಅದೇ ಕಂಪ್ಯೂಟರಿನಿಂದ, ಅದೇ ಕಡೆಗೆ. ಹಿತ್ತಿಲ ಬಾಗಿಲು. ಪುಣೆಯ ಮೊಹರು.

ಮೊಹರು ಒತ್ತಿದವನು ನಾನು.

ನಾನು ಅದನ್ನು ಮತ್ತೆ ಮತ್ತೆ ಓದಿದೆ. ಕುರ್ಚಿ ಬಿಟ್ಟು ಏಳದ ಒಬ್ಬಳನ್ನೇ ಎರಡು ಬಾಗಿಲಿನಿಂದ ಕಳಿಸಿ, ಹೊರಗಿನವರ ಕಣ್ಣಿಗೆ ಇಬ್ಬರನ್ನಾಗಿ ಮಾಡಿದ್ದು ನಾನು. ಪುಣೆಯ ಕಳ್ಳ ನನ್ನ ಹೊಟ್ಟೆಯಲ್ಲಿಯೇ ಇದ್ದ. ವಿದ್ಯಾರ್ಥಿವೇತನದ ಜಾಲತಾಣವೂ ಅಷ್ಟು ದಿನ ಅನುಮಾನಪಟ್ಟು ಹೊರದಬ್ಬುತ್ತಿದ್ದುದು ಇದಕ್ಕೇ. ಜಗತ್ತಿನಲ್ಲಿ ಎಲ್ಲರನ್ನೂ ಅನುಮಾನಿಸಿದ ನಾನು ಒಬ್ಬನನ್ನು ಬಿಟ್ಟಿದ್ದೆ. ಕೂಗಿ ಹೇಳೋಣ ಎಂದರೆ ನನಗೆ ಪರದೆಯಿಲ್ಲ, ಬಾಯಿಯಿಲ್ಲ. ಫ್ಯಾನನ್ನು ಜೋರಾಗಿ ತಿರುಗಿಸಿದೆ. "ಅದನ್ಯಾಕ ಅಷ್ಟು ಸಪ್ಪಳಾ ಮಾಡಾಕತ್ತೇತಿ, ಬಂದ್ ಮಾಡ್ರಿ" ಎಂದರು ಹಿರೇಮಠರು.

ಕಸ್ತೂರಿ ಬಗ್ಗಿ ನನ್ನ ಕಡೆ ನೋಡಿದಳು. ಆರಿಸಲು ಕೈ ಚಾಚಿದವಳು ಅಲ್ಲಿಯೇ ತಡೆದಳು. ನನ್ನ ಬೆನ್ನಲ್ಲಿ ಎರಡು ಹಸಿರು ದೀಪಗಳಿವೆ, ಒಂದೊಂದು ಬಾಗಿಲಿಗೆ ಒಂದೊಂದು. ದಿನಾ ಸಂಜೆ ಹಾಜರಿ ಬರೆಯುವ ಮೊದಲು ಅವಳು ನೋಡುತ್ತಿದ್ದ ದೀಪಗಳೇ. ಒಂದಾದ ಮೇಲೊಂದು ಅವು ಮಿಣುಕುತ್ತಿದ್ದವು. ಅವಳು ತಟ್ಟನೆ ಎದ್ದು ನಿಂತಳು.

"ಮೇಡಮ್ಮಾರ, ನಮ್ಮಲ್ಲಿ ಎರಡು ಲೈನ್ ಅದಾವ್ರಿ. ಎರಡೂ ಸಮಾ ಓಡ್ತಾವು. ಹಾಜರಿ ಪುಸ್ತಕ ಐತ್ರಿ, ನಾನ ಬರಿಯೂದು."

"ಅದು ನಮ್ಮ ಒಳಗಿನ ಪುಸ್ತಕ, ಅದನ್ನೆಲ್ಲಾ ಯಾಕ ತೋರಸ್ತಿ?" ಹಿರೇಮಠರ ಹಿಮ್ಮಡಿ ಜೋರಾಗಿ ಕುಣಿಯಿತು. ದಿನಾ ಅದರಲ್ಲಿ ಅವರ ಸಹಿ ಇತ್ತು. ಸಮ ಇರಲಿ ಎಂದು ಹಟ ಹಿಡಿದವರು ಯಾರು ಎಂದು ಕೇಳಿದರೆ ಉತ್ತರ ಕೊಡಬೇಕಾಗುತ್ತದೆ ಎಂದು ಅವರಿಗೆ ಆಗಲೇ ಹೊಳೆದಿತ್ತು ಎಂದು ನನ್ನ ಅನುಮಾನ.

ಪತ್ತಾರ ಮೇಡಂ ಕೈ ನೀಡಿದರು. ಕಸ್ತೂರಿ ಕಪಾಟಿನಿಂದ ಪುಸ್ತಕ ತಂದುಕೊಟ್ಟಳು. ಪುಟ ತಿರುವುವ ಸದ್ದು ಬಹಳ ಹೊತ್ತು ಕೇಳಿಸಿತು. ಸಮ, ಸಮ, ಸಮ.

"ಎರಡನೇ ಲೈನ್ ಯಾವ ಊರಿಂದು?"

"ಅದು ಗೊತ್ತಿಲ್ರಿ ಮೇಡಂ. ಟಾಕಿ ಮ್ಯಾಲಿಂದ ಬರ್ತೈತಿ."

"ಕೂಡ್ರು. ನನ್ನ ಎದುರಿಗೆ ಲಾಗಿನ್ ಆಗು. ಎಲ್ಲಿಂದ ಬಂತು ಅನ್ನೂದು ನನಗ ಇಲ್ಲೆ ಕಾಣ್ತದ."

ಅವರು ತಮ್ಮ ಸ್ವಂತ ಫೋನಿನ ಸಂಪರ್ಕದಲ್ಲಿ ವಿಶ್ವವಿದ್ಯಾಲಯದ ಪಟ್ಟಿ ತೆರೆದು ಕುಳಿತರು. ಕಸ್ತೂರಿ ಒಳಹೋದಳು. ನಾನು ಮುಂಬಾಗಿಲು ತೆರೆದೆ. "ಹುಬ್ಬಳ್ಳಿ" ಎಂದರು ಪತ್ತಾರ ಮೇಡಂ. ಹೊರಬಂದು ಮತ್ತೆ ಒಳಹೋದಳು. ಈಗ ಹಿತ್ತಿಲ ಬಾಗಿಲಿನ ಸರದಿ ಬರಬೇಕಿತ್ತು. ಆದರೆ ಅದೇ ಕ್ಷಣದಲ್ಲಿ ಇನ್ನೊಂದು ಚೀಟಿ ನಡುವೆ ನುಗ್ಗಿ ಆ ಸರದಿ ನುಂಗಿತು. ಅವಳದು ಮತ್ತೆ ಮುಂಬಾಗಿಲಿಗೆ ಬಂತು. "ಹುಬ್ಬಳ್ಳಿ." ಇನ್ನೊಮ್ಮೆ ಒತ್ತಿದಳು. ಮತ್ತೆ ನಡುವೆ ಒಂದು ಚೀಟಿ, ಮತ್ತೆ "ಹುಬ್ಬಳ್ಳಿ".

"ನಾ ಹೇಳಿದ್ನಲ್ರಿ" ಎಂದು ಹಿರೇಮಠರು ಹಾಳೆಯನ್ನು ಮತ್ತೆ ಕಸ್ತೂರಿಯ ಮುಂದೆ ಸರಿಸಿದರು. ನನಗೆ ಮೈಯೆಲ್ಲ ಕಾದುಹೋಯಿತು. ನಡುವೆ ನುಗ್ಗುತ್ತಿದ್ದ ಚೀಟಿ ಯಾರದೆಂದು ನನಗೊಬ್ಬನಿಗೇ ಗೊತ್ತಿತ್ತು. ಅದು ಹಿರೇಮಠರ ಜೇಬಿನಲ್ಲಿದ್ದ ಮೊಬೈಲಿನದು. ಸುದ್ದಿ ಊರೆಲ್ಲ ಹಬ್ಬಿ ಅವರಿಗೆ ವಾಟ್ಸಾಪಿನಲ್ಲಿ ಸಂದೇಶಗಳ ಮಳೆ ಸುರಿಯುತ್ತಿತ್ತು. ನಿಯಮ ಮುರಿದು ಒಂದೇ ಒಂದು ಚೀಟಿಯನ್ನು ಆಚೆ ಬಾಗಿಲಿಗೆ ದೂಡುವ ಅಧಿಕಾರ ನನಗಿದ್ದಿದ್ದರೆ! ಇಲ್ಲ. ಬರೆದದ್ದನ್ನು ಮಾಡುವುದಷ್ಟೇ ನನ್ನ ಹಣೆಬರಹ.

ಕಸ್ತೂರಿ ಹಾಳೆಯನ್ನು ನೋಡಲಿಲ್ಲ. ಅವಳ ಪಾದಗಳು ನೆಲದ ಮೇಲೆ ಊರಿ ನಿಂತಿದ್ದವು.

"ಸರ್, ನಿಮ್ಮ ಜೇಬಿನ್ಯಾಗ ಟಿಣ್ ಟಿಣ್ ಅನ್ನಾಕತ್ತೇತ್ರಿ. ಅದನ್ನ ಬಂದ್ ಮಾಡ್ರಿ. ಅದೂ ಇದರಾಗ ಹಾಯ್ದ ಹೋಗ್ತೈತಿ."

"ಬಂದ್ ಮಾಡ್ರಿ ಪ್ರಿನ್ಸಿಪಾಲರ," ಎಂದರು ಪತ್ತಾರ ಮೇಡಂ.

ಮೊಬೈಲು ಆರಿತು. ನನ್ನ ಮುಂದೆ ಈಗ ಇದ್ದದ್ದು ಅವಳೊಬ್ಬಳೇ. ಒತ್ತಿದಳು. ಹಿತ್ತಿಲ ಬಾಗಿಲು.

"ಪುಣೆ," ಎಂದರು ಪತ್ತಾರ ಮೇಡಂ. ದನಿ ಬದಲಾಗಿತ್ತು. "ಮತ್ತೊಮ್ಮೆ."

ಹುಬ್ಬಳ್ಳಿ. ಪುಣೆ. ಹುಬ್ಬಳ್ಳಿ. ಪುಣೆ. ಹತ್ತು ಸಲ ಒತ್ತಿಸಿದರು. ಕಸ್ತೂರಿ ಒತ್ತುತ್ತಲೇ ಇದ್ದಳು. ಅವರು ಸಾಕು ಎಂದ ಮೇಲೂ ಇನ್ನೆರಡು ಸಲ ಒತ್ತಿದಳು, ಆಮೇಲೆ ಮೇಜಿನ ಮೇಲೆ ತಲೆಯಿಟ್ಟು ಗಟ್ಟಿಯಾಗಿ ಅತ್ತಳು.

ಸಂಜೆ ನದಾಫ್ ಸರ್ ಬಸ್ಸಿನಿಂದ ಇಳಿದವರೇ ಓಡಿ ಬಂದರು. ನನಗೆ ಪರದೆ ಹಚ್ಚಿ ದಾಖಲೆ ತೆಗೆದು ಪತ್ತಾರ ಮೇಡಂಗೆ ತೋರಿಸಿದರು. "ಒಂದು ಸಾಲ್ರಿ ಮೇಡಂ. ಒಂದ ಸಾಲು ನಾನ ಅಳಿಸಿದ್ದೆ. ಅದಿದ್ದಿದ್ರ ಇಷ್ಟೆಲ್ಲಾ ಆಗ್ತಿರಲಿಲ್ಲ" ಎಂದರು. ಅಳಿಸಲು ಹೇಳಿದವರು ಯಾರೆಂದು ಅವರು ಹೇಳಲಿಲ್ಲ. ಆ ಸಾಲನ್ನು ಮತ್ತೆ ಬರೆದರು. ಪರೀಕ್ಷೆ ಮುಂದಿನ ವಾರ ನಡೆಯಿತು. ಕಸ್ತೂರಿಯ ನೌಕರಿ ಉಳಿಯಿತು, ಮರುವರ್ಷ ಕಾಯಂ ಕೂಡ ಆಯಿತು.

ಇಲ್ಲಿಗೆ ನಿಲ್ಲಿಸಿದರೆ ನೀವು ಸಮಾಧಾನದಿಂದ ಎದ್ದು ಹೋಗುತ್ತೀರಿ. ಅದಕ್ಕೇ ನಿಲ್ಲಿಸುವುದಿಲ್ಲ.

ಆ ಘಟನೆಯ ಹದಿನೈದು ದಿನಕ್ಕೆ ಕೋಣೆಯಲ್ಲಿ ಒಂದು ಕ್ಯಾಮೆರಾ ಬಂತು. ಅದನ್ನು ನನ್ನ ಎದುರಿಗೆ ಹಾಕಲಿಲ್ಲ, ಕಸ್ತೂರಿಯ ಬೆನ್ನ ಹಿಂದೆ ಹಾಕಿದರು. "ಎಲ್ಲಾ ಕಾಲೇಜಿನ್ಯಾಗೂ ಹಾಕಾಕತ್ತಾರ" ಎಂದು ಹಿರೇಮಠರು ಅವಳ ಮುಖ ನೋಡದೆ ಹೇಳಿದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ಅವಳ ತಂದೆಯ ಹೆಸರಿನವರೆಗೆ ಬರೆದ ಹಾಳೆಯನ್ನು ಹರಿದು ಹಾಕಿದರೋ, ಅವಳ ಕಡತದಲ್ಲಿ ಸೇರಿಸಿದರೋ ನನಗೆ ತಿಳಿಯದು. ನನ್ನ ಅನುಮಾನ ನನಗಿದೆ. ಆ ಕ್ಯಾಮೆರಾದ ಚಿತ್ರಗಳು ದಿನಾ ನನ್ನ ಮೂಲಕವೇ ಹೊರಗೆ ಹೋಗುತ್ತಿದ್ದವು. ತಪ್ಪು ಮಾಡಿದವನು ಕಾವಲುಗಾರನಾಗಿಯೇ ಉಳಿದ, ತಪ್ಪು ಮಾಡದವಳ ಬೆನ್ನನ್ನು ದಿನವಿಡೀ ಯಾರೋ ನೋಡುತ್ತಿದ್ದರು.

ಜಾಗೃತ ದಳ ಬಂದುಹೋದ ಮರುದಿನದಿಂದಲೇ ಕಸ್ತೂರಿ ಬಾಯಲ್ಲಿ ಹೇಳುತ್ತಾ ಟೈಪು ಮಾಡುವುದನ್ನು ಬಿಟ್ಟಿದ್ದಳು. ಬಸಮ್ಮನ ಅಂಕವೂ ಇಲ್ಲ, ನಿಂಗಪ್ಪನ ಹೆಸರೂ ಇಲ್ಲ. ಕೀಲಿಗಳ ಟಕಟಕ ಸದ್ದಷ್ಟೇ. ಡ್ರಾಯರಿಗೆ ಬೀಗ ಬಂತು. ಶನಿವಾರದ ಪುಣೆಯ ಕರೆ ನಿಂತಿತು. ಅಕ್ಕನ ಜೊತೆ ಮಾತಾಡಲು ಅವಳು ಮೊಬೈಲು ಹಿಡಿದು ಕಾಂಪೌಂಡಿನ ಹೊರಗೆ ಹೋಗುತ್ತಿದ್ದಳು. ನದಾಫ್ ಸರ್ ಕೈಯಿಂದ ಆ ದಿನದ ನನ್ನ ದಾಖಲೆಯನ್ನು ಅಚ್ಚು ಹಾಕಿಸಿ, ಕೆಳಗೆ ಪತ್ತಾರ ಮೇಡಂ ಸಹಿ ತರಿಸಿಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಾಳೆ. ಎಲ್ಲಿಗೆ ಹೋದರೂ ಅದು ಅವಳ ಜೊತೆಗಿರುತ್ತದೆ.

ನಾನು ಇನ್ನೂ ಮೂರು ವರ್ಷ ದುಡಿದೆ. ಆಮೇಲೆ ಅಂಗೈಯಗಲದ ಬಿಳಿ ಪೆಟ್ಟಿಗೆಯೊಂದು ಬಂತು. ಎರಡು ಬಾಗಿಲಿನ ಕೆಲಸವನ್ನು ಅದು ಸದ್ದಿಲ್ಲದೆ ಮಾಡುತ್ತದಂತೆ. ಒಳಗೆ ಯಾವ ಸಾಲು ಬರೆದಿದ್ದಾರೆ, ಯಾವುದನ್ನು ಅಳಿಸಿದ್ದಾರೆ ಎಂದು ಯಾರಾದರೂ ನೋಡಿದರೋ ಇಲ್ಲವೋ. ನನ್ನನ್ನು ಹಳೆಯ ಸಾಮಾನಿನ ಕೋಣೆಗೆ ಹಾಕಿದರು. ಮುರಿದ ಬೆಂಚುಗಳು, ಕಟ್ಟು ಕಟ್ಟಿದ ಉತ್ತರಪತ್ರಿಕೆಗಳು, ಸಮ ಹಾಜರಿಯ ಹಳೆಯ ಪುಸ್ತಕಗಳು, ನಾನು. ಕರೆಂಟಿಲ್ಲದ ನಾನು ಹೇಗೆ ಮಾತಾಡುತ್ತಿದ್ದೇನೆ ಎಂದು ನೀವು ಅನುಮಾನಪಡಬಹುದು. ಪಡಿ, ನನಗೆ ಬೇಸರವಿಲ್ಲ.

ಅನುಮಾನ ನನ್ನ ಕಸುಬು. ಅದಕ್ಕೆಂದೇ ನನ್ನನ್ನು ಜೋಡಿಸಿ ಕೂರಿಸಿದ್ದರು, ಅದರಲ್ಲಿ ನನಗೆ ದುಃಖವಿಲ್ಲ. ಆದರೆ ಅದು ಅವಳ ಕಸುಬಾಗಿರಲಿಲ್ಲ.

ಮೊನ್ನೆ ಕಸ್ತೂರಿ ಉತ್ತರಪತ್ರಿಕೆಯ ಕಟ್ಟು ಇಡಲು ಈ ಕೋಣೆಗೆ ಬಂದಿದ್ದಳು. ಕಾಲಲ್ಲಿ ಹೊಸ ಚಪ್ಪಲಿ. ನನ್ನ ಮೇಲಿನ ಧೂಳನ್ನು ಸೆರಗಿನಿಂದ ಒಮ್ಮೆ ಒರೆಸಿದಳು. ಹೊರಗೆ ಹೋಗಿ ಬಾಗಿಲು ಎಳೆದು ಬೀಗ ಹಾಕಿದಳು. ಎರಡು ಸಲ ಜಗ್ಗಿ ನೋಡಿದಳು. ನಾಲ್ಕು ಹೆಜ್ಜೆ ಹೋದ ಸದ್ದು ಕೇಳಿಸಿತು. ಮತ್ತೆ ತಿರುಗಿ ಬಂದು ಇನ್ನೊಮ್ಮೆ ಜಗ್ಗಿದಳು.

ಮೊದಲು ಅವಳು ಹೀಗಿರಲಿಲ್ಲ.